ಹಳೆಯ ಮಸಲ್ ಕಾರಿಗೆ ಸಿಲಿಂಡರ್ ಹೆಡ್ ಆರಿಸುವುದು: ಬ್ಯುರೆಟ್ ಹಿಡಿದು ಕಲಿತದ್ದು

ಮಿಷಿಗನ್ ರಾಜ್ಯದ ಒಂದು ಹೈಸ್ಕೂಲಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ಮನೆಯ ಗ್ಯಾರೇಜಿನಲ್ಲಿ 1970ರ ಶೆವರ್ಲೆ ಶೆವೆಲ್ ಮಾಲಿಬು ಇದೆ, ದೊಡ್ಡ ಎಂಜಿನ್ನಿನ ಹಳೆಯ ಅಮೆರಿಕನ್ ಕಾರು, ಅಂದರೆ ಮಸಲ್ ಕಾರು. ಅದರಲ್ಲಿರುವುದು 350 ಘನ ಇಂಚಿನ ಸ್ಮಾಲ್ ಬ್ಲಾಕ್ (ಶೆವರ್ಲೆಯ ಚಿಕ್ಕ ಮೈಕಟ್ಟಿನ) ವಿ-8, ಅಂದರೆ ಎಂಟು ಸಿಲಿಂಡರಿನ ಎಂಜಿನ್. ಆ ಎಂಜಿನ್ನನ್ನು ಎರಡು ಸಲ ಪೂರ್ತಿ ಬಿಚ್ಚಿ ಕಟ್ಟಿದ್ದೇನೆ. ಎರಡನೆಯ ಸಲ ಬಿಚ್ಚಿದಾಗ ಒಳಗೆ ಏನೂ ಮುರಿದಿರಲಿಲ್ಲ, ಏನೂ ಸವೆದಿರಲಿಲ್ಲ. ಮೊದಲ ಸಲ ಹೆಡ್ (ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ, ವಾಲ್ವ್‌ಗಳಿರುವ ಭಾಗ) ಆರಿಸುವಾಗ ತಪ್ಪಿದ್ದೆ, ಅಷ್ಟೇ. ಆ ತಪ್ಪಿಗೆ ಎರಡು ಬೇಸಿಗೆಗಳು ಹೋದವು.

ಆಗ ಕೊಂಡದ್ದು 220 ಸಿಸಿ (ಘನ ಸೆಂಟಿಮೀಟರ್) ಇಂಟೇಕ್ ಪೋರ್ಟ್, ಅಂದರೆ ಗಾಳಿ ಒಳಬರುವ ದಾರಿ, ಇರುವ ಅಲ್ಯೂಮಿನಿಯಂ ಹೆಡ್‌ಗಳು. ಮಾರಾಟದ ಪುಟದಲ್ಲಿ ಗಾಳಿಯ ಹರಿವಿನ ಅಂಕಿ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿತ್ತು. ವಾಲ್ವ್‌ಗಳನ್ನು ತೆರೆಯುವ ನನ್ನ ಕ್ಯಾಮ್‌ಶಾಫ್ಟ್ ಸಾಧಾರಣದ್ದು: 0.050 ಇಂಚು ಎತ್ತಿದಲ್ಲಿ ಅಳೆದ ಅವಧಿ ಇಂಟೇಕ್ (ಗಾಳಿ ಒಳಬರುವ ಕಡೆ) 214 ಡಿಗ್ರಿ, ಎಕ್ಸಾಸ್ಟ್ (ಹೊಗೆ ಹೊರಹೋಗುವ ಕಡೆ) 224 ಡಿಗ್ರಿ. ಹಿಂದಿನ ಆಕ್ಸಲ್ಲಿನ ಗೇರ್ 3.08. ಎಂಜಿನ್ನನ್ನು ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಜೋಡಿಸುವ ಟಾರ್ಕ್ ಕನ್ವರ್ಟರ್ ಕಾರ್ಖಾನೆಯದೇ. ಕಟ್ಟಿ ಮುಗಿಸಿ ರಸ್ತೆಗೆ ಇಳಿಸಿದರೆ, ಸಿಗ್ನಲ್ಲಿನಿಂದ ಹೊರಡುವಾಗ ಕಾರು ಮೊದಲಿಗಿಂತಲೂ ಮಂಕು. ನಿಮಿಷಕ್ಕೆ 4,500 ಸುತ್ತು ದಾಟಿದ ಮೇಲೆ ಹೆಡ್‌ಗೆ ಉಸಿರು ಬರುತ್ತಿತ್ತು; ಅಷ್ಟರಲ್ಲಿ ಕ್ಯಾಮ್‌ನ ಕೆಲಸ ಮುಗಿಯುತ್ತ ಬಂದಿರುತ್ತಿತ್ತು. ಮೂಗಿಗಿಂತ ಮೂಗುತಿ ಭಾರ ಎನ್ನುವ ಮಾತು ಚಿಕ್ಕಂದಿನಿಂದ ಕೇಳಿದ್ದೆ. ಅದರ ಅರ್ಥ ನನ್ನ ಕೈಯಾರೆ ಕಟ್ಟಿದ ಎಂಜಿನ್ನಿನಲ್ಲಿ ತಿಳಿಯಿತು.

ಈಗ ಯಾರಾದರೂ ಯಾವ ಹೆಡ್ ಹಾಕಲಿ ಎಂದು ಕೇಳಿದರೆ ನಾನು ಬ್ರ್ಯಾಂಡಿನ ಹೆಸರು ಹೇಳುವುದಿಲ್ಲ. ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ ಎನ್ನುತ್ತೇನೆ.

ಮೊದಲು ಕಾಗದ

ಬರೆಯಬೇಕಾದ ಮೊದಲ ಅಂಕಿ, ನಿಮ್ಮ ಎಂಜಿನ್ ದಿನದ ಬಹುಭಾಗ ಎಷ್ಟು ಸುತ್ತಿನಲ್ಲಿ ತಿರುಗುತ್ತದೆ ಎಂಬುದು. ಇದನ್ನು ಊಹಿಸಬೇಕಾಗಿಲ್ಲ. ಗಂಟೆಗೆ ಎಷ್ಟು ಮೈಲಿ ಎಂಬುದನ್ನು ಆಕ್ಸಲ್ ಗೇರಿನಿಂದ ಗುಣಿಸಿ, ಬಂದದ್ದನ್ನು 336ರಿಂದ ಗುಣಿಸಿ, ಟೈರಿನ ವ್ಯಾಸದ ಇಂಚುಗಳಿಂದ ಭಾಗಿಸಿ. ನನ್ನ ಟೈರು 26 ಇಂಚು. 65 ಮೈಲಿ ವೇಗಕ್ಕೆ ಸುಮಾರು 2,600 ಸುತ್ತು ಬರುತ್ತದೆ. ನನ್ನ ಗೇರ್‌ಬಾಕ್ಸ್ ಮೂರು ಗೇರುಗಳ ಟರ್ಬೊ-ಹೈಡ್ರಾಮ್ಯಾಟಿಕ್ 350. ಅದರ ಕೊನೆಯ ಗೇರು ಒಂದಕ್ಕೊಂದು, ಆದ್ದರಿಂದ ಲೆಕ್ಕದಲ್ಲಿ ಬೇರೇನೂ ಸೇರುವುದಿಲ್ಲ. ಊರೊಳಗೆ ಎಂಜಿನ್ 1,200ರಿಂದ 2,500ರ ನಡುವೆ ಇರುತ್ತದೆ. ಆಗಸ್ಟ್‌ನಲ್ಲಿ ಡೆಟ್ರಾಯಿಟ್ ಬಳಿ ವುಡ್‌ವರ್ಡ್ ಅವೆನ್ಯೂದಲ್ಲಿ ನಡೆಯುವ ಹಳೆಯ ಕಾರುಗಳ ಮೆರವಣಿಗೆ ಡ್ರೀಮ್ ಕ್ರೂಸ್‌ಗೆ ಹೋದರಂತೂ ಬಿಸಿಲಿನಲ್ಲಿ ಗಂಟೆಗಟ್ಟಲೆ ತೆವಳುವುದೇ ಕೆಲಸ. 5,500ಕ್ಕೆ ಏರುವುದು ವಾರಕ್ಕೊಮ್ಮೆ, ಹತ್ತು ಸೆಕೆಂಡು. ಹೀಗಿರುವಾಗ 6,500 ಸುತ್ತಿಗೆ ಕೆತ್ತಿದ ಹೆಡ್ ನನಗೇಕೆ ಬೇಕಿತ್ತು?

ಅದರ ಕೆಳಗೆ ಬೋರ್ (ಸಿಲಿಂಡರಿನ ವ್ಯಾಸ), ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ), ಪಿಸ್ಟನ್ ತಲೆಯ ಆಕಾರ, ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಬ್ಲಾಕಿನ ಡೆಕ್‌ಗಿಂತ (ಮೇಲ್ಮೈಗಿಂತ) ಎಷ್ಟು ಕೆಳಗೆ ನಿಲ್ಲುತ್ತದೆ, ಕ್ಯಾಮ್‌ನ ಅವಧಿ ಮತ್ತು ಲಿಫ್ಟ್ (ವಾಲ್ವ್ ಎತ್ತುವ ಎತ್ತರ), ಸಿಗುವ ಪೆಟ್ರೋಲಿನ ಆಕ್ಟೇನ್ (ಬಡಿತ ತಡೆಯುವ ಗುಣದ ಅಂಕಿ), ಇವನ್ನು ಬರೆಯಿರಿ. ಒಂದು ಜಾಗ ಖಾಲಿ ಉಳಿದಿದ್ದರೂ ಹೆಡ್ ಕೊಳ್ಳಬೇಡಿ. ಹೆಡ್ ಒಂಟಿ ಭಾಗವಲ್ಲ. ಕೆಳಗಿನ ಪಿಸ್ಟನ್, ಪಕ್ಕದ, ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡ್, ಕ್ಯಾಮ್, ಹೊಗೆ ಸಾಗಿಸುವ ಹೆಡರ್ ಎಲ್ಲದರೊಡನೆ ಅದು ಹೊಂದಿಕೊಳ್ಳಬೇಕು.

ಚೇಂಬರಿನ ಗಾತ್ರ, ಕಂಪ್ರೆಷನ್ ಅನುಪಾತ

ನನ್ನ ಬ್ಲಾಕನ್ನು 0.030 ಇಂಚು ಹೆಚ್ಚಿಗೆ ಕೊರೆಯಲಾಗಿದೆ. ಬೋರ್ 4.030, ಸ್ಟ್ರೋಕ್ 3.48. ಒಂದು ಸಿಲಿಂಡರ್ ಗುಡಿಸುವ ಗಾತ್ರ 727.4 ಸಿಸಿ. ಹೆಡ್ ಗ್ಯಾಸ್ಕೆಟ್ಟಿನ ರಂಧ್ರ 4.100 ಇಂಚು, ಒತ್ತಿದ ಮೇಲಿನ ದಪ್ಪ 0.041, ಅದು 8.9 ಸಿಸಿ. ಪಿಸ್ಟನ್ ಡೆಕ್‌ಗಿಂತ 0.025 ಇಂಚು ಕೆಳಗೆ ನಿಂತಿತ್ತು, ಅದು 5.2 ಸಿಸಿ. ಸಪಾಟಾದ ಪಿಸ್ಟನ್ನಿನ ವಾಲ್ವ್ ತೋಡುಗಳು 6 ಸಿಸಿ. ಇವಕ್ಕೆ ಹೆಡ್‌ನ ಚೇಂಬರನ್ನು, ಅಂದರೆ ಮಿಶ್ರಣ ಉರಿಯುವ ಕುಳಿಯನ್ನು, ಕೂಡಿಸಬೇಕು. ಈ ಒಟ್ಟನ್ನು ಗುಡಿಸುವ ಗಾತ್ರಕ್ಕೆ ಕೂಡಿಸಿ, ಅದೇ ಒಟ್ಟಿನಿಂದ ಭಾಗಿಸಿದರೆ ಕಂಪ್ರೆಷನ್ ಅನುಪಾತ. ಚೇಂಬರ್ 76 ಸಿಸಿ ಆದರೆ ಒಟ್ಟು 96.1, ಅನುಪಾತ 8.57. 64 ಸಿಸಿ ಆದರೆ ಒಟ್ಟು 84.1, ಅನುಪಾತ 9.65. ಬೇರೇನನ್ನೂ ಮುಟ್ಟದೆ, ಬರಿಯ 12 ಸಿಸಿ ವ್ಯತ್ಯಾಸದಲ್ಲಿ ಒಂದು ಪೂರ್ಣ ಅಂಕಕ್ಕಿಂತ ಹೆಚ್ಚು. ಇದಕ್ಕಾಗಿಯೇ ನಾನು ಚೇಂಬರಿನ ಗಾತ್ರವನ್ನು ಎಲ್ಲಕ್ಕಿಂತ ಮೊದಲು ನೋಡುತ್ತೇನೆ.

ಕ್ಯಾಟಲಾಗಿನಲ್ಲಿ ಅಚ್ಚಾದ 64ನ್ನು ನಂಬಿ ಲೆಕ್ಕ ಮುಗಿಸಬೇಡಿ. ಹಳೆಯ ಹೆಡ್‌ಗಳಿಗೆ ಐವತ್ತು ವರ್ಷ ದಾಟಿದೆ. ವಾಲ್ವ್ ಸೀಟನ್ನು ಪ್ರತಿ ಸಲ ಕೆರೆದಾಗಲೂ ವಾಲ್ವ್ ಒಳಗೆ ಇಳಿದು ಚೇಂಬರ್ ದೊಡ್ಡದಾಗುತ್ತದೆ, ತಳವನ್ನು ಪ್ರತಿ ಸಲ ಉಜ್ಜಿದಾಗಲೂ ಚಿಕ್ಕದಾಗುತ್ತದೆ. ನಾನು ಒಮ್ಮೆ ತಂದ ಒಂದು ಜೊತೆ ಹಳೆಯ ಹೆಡ್‌ಗಳನ್ನು ಮಾರಿದವರು 64 ಎಂದಿದ್ದರು. ಎಂಟೂ ಚೇಂಬರುಗಳನ್ನು ಅಳೆದಾಗ 65.8ರಿಂದ 68.1ರವರೆಗೆ ಬಂತು.

ಅಳೆಯುವ ವಿಧಾನ ನನಗೆ ಹೊಸತಾಗಿರಲಿಲ್ಲ, ತರಗತಿಯಲ್ಲಿ ಟೈಟ್ರೇಶನ್‌ಗೆ ಬ್ಯುರೆಟ್ (ಅಳತೆಗೆರೆಗಳಿರುವ ಗಾಜಿನ ನಳಿಕೆ) ಹಿಡಿದು ಮಾಡುವುದೇ ಅದು. ಸ್ಪಾರ್ಕ್ ಪ್ಲಗ್ ಬಿಗಿಯಿರಿ. ವಾಲ್ವ್‌ಗಳನ್ನು ಹಗುರ ಸ್ಪ್ರಿಂಗ್ ಹಾಕಿ ಕೂರಿಸಿ, ಸೀಟಿನ ಸುತ್ತ ತೆಳ್ಳಗೆ ಗ್ರೀಸ್ ಸವರಿ. ಹೆಡ್ಡನ್ನು ಚೇಂಬರ್ ಮೇಲ್ಮುಖವಾಗಿ ಇಟ್ಟು, ಒಂದು ಬದಿ ಸ್ವಲ್ಪವೇ ಎತ್ತರವಾಗುವಂತೆ ಓರೆ ಮಾಡಿ. ಕಾಲು ಇಂಚು ದಪ್ಪದ ಪಾರದರ್ಶಕ ಅಕ್ರಿಲಿಕ್ ಹಲಗೆಯಲ್ಲಿ ಒಂದು ಚಿಕ್ಕ ತೂತು ಕೊರೆದು, ಆ ತೂತು ಚೇಂಬರಿನ ಎತ್ತರದ ಅಂಚಿಗೆ ಬರುವಂತೆ ಗ್ರೀಸ್ ಮೇಲೆ ಒತ್ತಿ ಕೂರಿಸಿ. ಬಣ್ಣ ಬೆರೆಸಿದ ನೀರಿಗೆ ಪಾತ್ರೆ ತೊಳೆಯುವ ಸಾಬೂನಿನ ಎರಡು ಹನಿ ಸೇರಿಸಿದರೆ ಗಾಳಿಗುಳ್ಳೆ ಅಂಟಿಕೊಳ್ಳುವುದಿಲ್ಲ. ಬ್ಯುರೆಟ್ಟಿನಿಂದ ಇಳಿಸುತ್ತ ಹೋಗಿ, ಕೊನೆಯ ಗುಳ್ಳೆ ತೂತಿನಿಂದ ಹೊರಬಿದ್ದ ಕ್ಷಣ ನಿಲ್ಲಿಸಿ. ಕಣ್ಣನ್ನು ದ್ರವದ ಮಟ್ಟಕ್ಕೆ ತಂದು, ಬಾಗಿದ ಮೇಲ್ಮೈಯ ತಳವನ್ನು ಓದಿ. ಬ್ಯುರೆಟ್ 50 ಮಿಲಿಲೀಟರಿನದಾದರೆ ಎರಡು ಸಲ ತುಂಬಬೇಕಾಗುತ್ತದೆ. ಮೊದಲ ಸಲ ಎಷ್ಟು ಇಳಿಯಿತೆಂದು ಆಗಲೇ ಬರೆದುಕೊಳ್ಳಿ. ಪ್ರತಿ ಚೇಂಬರನ್ನೂ ಎರಡು ಸಲ ಅಳೆಯುತ್ತೇನೆ, ಅರ್ಧ ಸಿಸಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೆಯ ಸಲವೂ. ಬೀಡು ಕಬ್ಬಿಣದ ಹೆಡ್ ಆದರೆ ಅಳತೆ ಮುಗಿದ ಕೂಡಲೇ ಒರೆಸಿ ಎಣ್ಣೆ ಹಚ್ಚಿ. ಒಂದು ರಾತ್ರಿ ಬಿಟ್ಟರೂ ತುಕ್ಕಿನ ಪೊರೆ ಏಳುತ್ತದೆ.

ಪಿಸ್ಟನ್ನಿನ ತೋಡುಗಳನ್ನೂ ಹೀಗೆಯೇ ಅಳೆಯಬಹುದು. ಪಿಸ್ಟನ್ನನ್ನು ಡೆಕ್‌ನಿಂದ ಸರಿಯಾಗಿ 0.250 ಇಂಚು ಕೆಳಗಿಳಿಸಿ, ರಿಂಗಿನ ಮೇಲಿನ ಸಂದಿಯನ್ನು ಗ್ರೀಸ್‌ನಿಂದ ಮುಚ್ಚಿ, ಹಲಗೆ ಇಟ್ಟು ತುಂಬಿ. ನನ್ನ ಬೋರಿನಲ್ಲಿ ಅಷ್ಟು ಎತ್ತರಕ್ಕೆ ಲೆಕ್ಕದ ಗಾತ್ರ 52.3 ಸಿಸಿ, ಇಳಿದದ್ದು 58.3. ಹೆಚ್ಚು ಬಂದ 6 ಸಿಸಿಯೇ ತೋಡುಗಳು.

ಎಷ್ಟು ಅನುಪಾತ ಬೇಕು? ಪೆಟ್ರೋಲ್ ಬಂಕಿನಲ್ಲಿ 91 ಅಥವಾ 93 ಆಕ್ಟೇನ್ ಸಿಗುವಲ್ಲಿ, ಸಾಧಾರಣ ಕ್ಯಾಮ್ ಇದ್ದು ಬೀಡು ಕಬ್ಬಿಣದ ಹೆಡ್ ಆದರೆ ನಾನು 9.5ರ ಆಸುಪಾಸಿನಲ್ಲಿ ನಿಲ್ಲುತ್ತೇನೆ. ಅಲ್ಯೂಮಿನಿಯಂ ಶಾಖವನ್ನು ಬೇಗ ಸಾಗಿಸುತ್ತದೆ. ಅದರಲ್ಲಿ ಅರ್ಧ ಅಂಕದಿಂದ ಒಂದು ಅಂಕದವರೆಗೆ ಹೆಚ್ಚಿಗೆ ಹೋಗಬಹುದು ಎಂಬುದು ಎಂಜಿನ್ ಕಟ್ಟುವವರ ರೂಢಿಯ ಲೆಕ್ಕ. ಅನುಪಾತದಷ್ಟೇ ಮುಖ್ಯವಾದದ್ದು ಕ್ವೆಂಚ್, ಅಂದರೆ ಪಿಸ್ಟನ್ ಮೇಲೆ ಬಂದಾಗ ಅದರ ಸಪಾಟು ಭಾಗಕ್ಕೂ ಹೆಡ್‌ನ ಸಪಾಟು ಭಾಗಕ್ಕೂ ನಡುವಿನ ಅಂತರ. 0.040 ಇಂಚಿನ ಆಸುಪಾಸಿನಲ್ಲಿ ಈ ಇಕ್ಕಟ್ಟು ಮಿಶ್ರಣವನ್ನು ಪ್ಲಗ್ಗಿನ ಕಡೆಗೆ ಜೋರಾಗಿ ತಳ್ಳಿ ಕಲಕುತ್ತದೆ, ನಾಕಿಂಗ್ (ಮಿಶ್ರಣ ಹೊತ್ತಲ್ಲದ ಹೊತ್ತಿನಲ್ಲಿ ಉರಿದು ಬಡಿಯುವುದು) ತಗ್ಗುತ್ತದೆ. ನನ್ನದು ಗ್ಯಾಸ್ಕೆಟ್ 0.041, ಡೆಕ್ 0.025, ಒಟ್ಟು 0.066. ಇದು ದೊಡ್ಡ ಅಂತರ. ಎರಡನೆಯ ಸಲ ಬ್ಲಾಕಿನ ಡೆಕ್ಕನ್ನು 0.020 ಇಂಚು ಉಜ್ಜಿಸಿದೆ. ಅಂತರ 0.046ಕ್ಕೆ ಇಳಿಯಿತು, 64 ಸಿಸಿ ಅಲ್ಯೂಮಿನಿಯಂ ಹೆಡ್‌ನೊಡನೆ ಅನುಪಾತ 10.1 ಆಯಿತು. ವುಡ್‌ವರ್ಡ್‌ನ ಬಿಸಿಲಿನಲ್ಲಿಯೂ 93 ಆಕ್ಟೇನ್‌ನಲ್ಲಿ ಅದು ಒಮ್ಮೆಯೂ ಬಡಿದುಕೊಂಡಿಲ್ಲ.

ಚೇಂಬರ್ ಚಿಕ್ಕದು ಮಾಡಲು ಹೆಡ್‌ನ ತಳ ಉಜ್ಜಿಸುವವರಿದ್ದಾರೆ. ಸ್ಮಾಲ್ ಬ್ಲಾಕ್ ಹೆಡ್‌ನಲ್ಲಿ ಒಂದು ಸಿಸಿಗೆ ಸುಮಾರು 0.006 ಇಂಚು ಹೋಗುತ್ತದೆ. ಎರಡು ಮೂರು ಸಿಸಿಯಾದರೆ ತೊಂದರೆ ಇಲ್ಲ. ಹೆಚ್ಚು ಉಜ್ಜಿದರೆ ಹೆಡ್ ಕೆಳಗೆ ಕುಳಿತು ಇಂಟೇಕ್ ಮ್ಯಾನಿಫೋಲ್ಡ್‌ನ ಬೋಲ್ಟ್‌ಗಳು ತೂತಿಗೆ ಸೇರುವುದಿಲ್ಲ, ಆ ಮುಖವನ್ನೂ ಉಜ್ಜಬೇಕಾಗುತ್ತದೆ.

ಪೋರ್ಟ್: ಇಲ್ಲಿಯೇ ಎಲ್ಲರೂ ಎಡವುವುದು

ತೋಟಕ್ಕೆ ನೀರು ಬಿಡುವ ಪೈಪಿನ ಬಾಯಿಯನ್ನು ಹೆಬ್ಬೆರಳಿನಿಂದ ಅರ್ಧ ಮುಚ್ಚಿದರೆ ನೀರು ದೂರಕ್ಕೆ ಚಿಮ್ಮುತ್ತದೆ. ಇಂಟೇಕ್ ಪೋರ್ಟಿನಲ್ಲಿ ಗಾಳಿಗೆ ಆ ರಭಸ ಬೇಕು. ರಭಸ ಇದ್ದರೆ ಪೆಟ್ರೋಲಿನ ಹನಿಗಳು ಗಾಳಿಯಲ್ಲಿ ತೇಲುತ್ತ ಸಿಲಿಂಡರಿಗೆ ಹೋಗುತ್ತವೆ. ಇಲ್ಲದಿದ್ದರೆ ಗೋಡೆಗೆ ಅಂಟಿ ತೊಟ್ಟಿಕ್ಕುತ್ತವೆ. ಪಿಸ್ಟನ್ ತಳ ಮುಟ್ಟಿ ಮೇಲಕ್ಕೆ ತಿರುಗಿದ ಮೇಲೂ ರಭಸದ ಗಾಳಿ ಒಳಗೆ ನುಗ್ಗುತ್ತಲೇ ಇರುತ್ತದೆ. ಪೋರ್ಟ್ ದೊಡ್ಡದಾದಷ್ಟೂ ಕಡಿಮೆ ಸುತ್ತಿನಲ್ಲಿ ಈ ರಭಸ ಸಾಯುತ್ತದೆ. ನನ್ನ 220 ಸಿಸಿ ಹೆಡ್‌ನಲ್ಲಿ ಆದದ್ದು ಇದೇ.

350 ಘನ ಇಂಚಿನ ರಸ್ತೆ ಎಂಜಿನ್, 5,500 ಸುತ್ತಿನವರೆಗೆ ಸಾಕೆನ್ನುವುದಾದರೆ 170ರಿಂದ 180 ಸಿಸಿ ಪೋರ್ಟ್ ನೋಡಿ. ಗೇರ್ 3.73ರ ಸುತ್ತ ಇದ್ದು, ಕ್ಯಾಮ್ ದೊಡ್ಡದಿದ್ದು, 6,000 ದಾಟುವ ಆಸೆ ಇದ್ದರೆ 195. ಅದೇ ಬ್ಲಾಕಿನಲ್ಲಿ 3.75 ಇಂಚಿನ ಸ್ಟ್ರೋಕ್ ಹಾಕಿ 383 ಮಾಡಿದರೆ ಅದಕ್ಕೆ ಹಸಿವು ಹೆಚ್ಚು, 195ನ್ನು ಕೆಳಗಿನ ಸುತ್ತಿನಲ್ಲಿಯೂ ಅರಗಿಸಿಕೊಳ್ಳುತ್ತದೆ. 210, 220 ಎಂಬುವು ದೊಡ್ಡ ಗಾತ್ರದ ಅಥವಾ ಪಂದ್ಯದ ಎಂಜಿನ್‌ಗಳಿಗೆ. ಎರಡರ ನಡುವೆ ಮನಸ್ಸು ಓಲಾಡಿದರೆ ಚಿಕ್ಕದನ್ನೇ ತೆಗೆದುಕೊಳ್ಳಿ. ಈ ಮಾತನ್ನು ನನಗೆ ಹೇಳಿದವರು ಮಷೀನ್ ಶಾಪಿನ ಹಿರಿಯರೊಬ್ಬರು. ಮೊದಲ ಸಲವೇ ಹೇಳಿದ್ದರು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಗಾಳಿಯ ಹರಿವಿನ ಅಂಕಿಯನ್ನು ಓದುವುದಕ್ಕೂ ಒಂದು ಕ್ರಮ ಇದೆ. ಸಾಮಾನ್ಯವಾಗಿ ಅದನ್ನು 28 ಇಂಚು ನೀರಿನ ಒತ್ತಡದ ವ್ಯತ್ಯಾಸದಲ್ಲಿ ಅಳೆಯುತ್ತಾರೆ. ಬೇರೆ ಒತ್ತಡದಲ್ಲಿ ಅಳೆದ ಅಂಕಿಯನ್ನು ಇದರ ಪಕ್ಕದಲ್ಲಿಟ್ಟು ಹೋಲಿಸಬಾರದು. ಪುಟದ ಮೇಲೆ ದಪ್ಪಕ್ಷರದಲ್ಲಿ ಇರುವುದು ಬಹಳ ಸಲ 0.600 ಅಥವಾ 0.700 ಇಂಚು ಲಿಫ್ಟ್‌ನ ಹರಿವು. ನನ್ನ ಕ್ಯಾಮ್ ವಾಲ್ವನ್ನು ಎತ್ತುವುದು ಇಂಟೇಕ್‌ನಲ್ಲಿ 0.442, ಎಕ್ಸಾಸ್ಟ್‌ನಲ್ಲಿ 0.465. ಅದಕ್ಕಿಂತ ಮೇಲಿನ ಅಂಕಿ ನನಗೆ ಸಂಬಂಧವಿಲ್ಲ. ಮೇಲಾಗಿ ವಾಲ್ವ್ ಒಂದೇ ತೆರೆತದಲ್ಲಿ ಮಧ್ಯದ ಎತ್ತರಗಳನ್ನು ಎರಡು ಸಲ ದಾಟುತ್ತದೆ, ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ; ತುದಿಯನ್ನು ಮುಟ್ಟುವುದು ಒಂದೇ ಸಲ. ಆದ್ದರಿಂದ 0.200, 0.300, 0.400ರ ಸಾಲುಗಳನ್ನು ಹೋಲಿಸಿ. ಎಕ್ಸಾಸ್ಟ್ ಹರಿವು ಇಂಟೇಕ್‌ನ ಮುಕ್ಕಾಲು ಭಾಗದ ಸುತ್ತ ಇದ್ದರೆ ಚೆನ್ನ. ಇಂಟೇಕ್ ಹರಿವನ್ನು 0.257ರಿಂದಲೂ ಸಿಲಿಂಡರ್ ಸಂಖ್ಯೆಯಿಂದಲೂ ಗುಣಿಸಿದರೆ ಆ ಹೆಡ್ ಎಷ್ಟು ಅಶ್ವಶಕ್ತಿಗೆ ಗಾಳಿ ಒದಗಿಸಬಲ್ಲದು ಎಂಬ ಅಂದಾಜು ಸಿಗುತ್ತದೆ. 200 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ) ಎಂದರೆ ಎಂಟು ಸಿಲಿಂಡರಿಗೆ ಸುಮಾರು 411. ರಸ್ತೆಯ ಕಾರಿಗೆ ಅದಕ್ಕಿಂತ ಎಷ್ಟು ಬೇಕು ಎಂದು ಪ್ರಾಮಾಣಿಕವಾಗಿ ಕೇಳಿಕೊಳ್ಳಿ.

ವಾಲ್ವ್‌ನ ವ್ಯಾಸದಲ್ಲಿಯೂ ಇದೇ ಎಚ್ಚರ. ಸ್ಮಾಲ್ ಬ್ಲಾಕ್ ಶೆವಿಯಲ್ಲಿ (ಶೆವರ್ಲೆಯಲ್ಲಿ) 1.94 ಇಂಚಿನ ಇಂಟೇಕ್ ಮತ್ತು 1.50ರ ಎಕ್ಸಾಸ್ಟ್ ಒಂದು ಜೋಡಿ, 2.02 ಮತ್ತು 1.60 ಇನ್ನೊಂದು. 4 ಇಂಚಿನ ಬೋರಿನಲ್ಲಿ 2.02 ಹಿಡಿಸುತ್ತದೆ. 283 ಘನ ಇಂಚಿನ ಎಂಜಿನ್ನಿನ 3.875 ಇಂಚಿನ ಬೋರಿನಲ್ಲಿ ವಾಲ್ವ್‌ನ ಅಂಚು ಸಿಲಿಂಡರಿನ ಗೋಡೆಗೆ ಒತ್ತಿಕೊಂಡು, ಹೆಚ್ಚಿದ ವ್ಯಾಸದ ಲಾಭವನ್ನು ಗೋಡೆಯೇ ನುಂಗುತ್ತದೆ.

ಮೂಲ ಹೆಡ್ ಉಳಿಸಿಕೊಳ್ಳಬೇಕೇ?

ಹೆಡ್‌ನ ಮೇಲಿನ ಮುಚ್ಚಳವಾದ ರಾಕರ್ ಕವರ್ ತೆಗೆದು ಎರಕದ ಸಂಖ್ಯೆ ಓದಿ. ನನ್ನದರಲ್ಲಿ 3932441 ಇತ್ತು, 1969 ಮತ್ತು 70ರ 350ಗಳಲ್ಲಿ ಕಾಣುವ 76 ಸಿಸಿ ಚೇಂಬರಿನ ಹೆಡ್. ಪಕ್ಕದಲ್ಲೇ ದಿನಾಂಕ ಇರುತ್ತದೆ. ಮೊದಲ ಅಕ್ಷರ ತಿಂಗಳು, ಇಂಗ್ಲಿಷ್ ವರ್ಣಮಾಲೆಯ ಮೊದಲ ಅಕ್ಷರ ಜನವರಿ, ಹನ್ನೆರಡನೆಯದು ಡಿಸೆಂಬರ್, ಆಮೇಲೆ ದಿನ, ಕೊನೆಗೆ ವರ್ಷದ ಒಂದೇ ಅಂಕಿ. ಈ ದಿನಾಂಕ ಕಾರು ತಯಾರಾದ ದಿನಕ್ಕಿಂತ ಸ್ವಲ್ಪ ಹಿಂದಿನದಾಗಿ ಹೊಂದಿಕೊಂಡರೆ ಅವು ಕಾರಿನೊಡನೆ ಹುಟ್ಟಿದವು. ಅಂಥವನ್ನು ಬಳಸದಿದ್ದರೂ ಮಾರಬೇಡಿ. ನನ್ನವನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಗ್ಯಾರೇಜಿನ ಅಟ್ಟದಲ್ಲಿ ಇಟ್ಟಿದ್ದೇನೆ. ಮುಂದೆ ಈ ಕಾರು ಯಾರ ಕೈಗೆ ಹೋದರೂ ಅವೂ ಜೊತೆಗೆ ಹೋಗಬೇಕು.

ಹಳೆಯ ಹೆಡ್ ಬಳಸುವುದಾದರೆ ಮೊದಲ ಹಣ ಪರೀಕ್ಷೆಗೆ ಹೋಗಲಿ. ಬಿಸಿನೀರಿನಲ್ಲಿ ತೊಳೆಸಿ, ಬಿರುಕು ತೋರಿಸುವ ಕಾಂತಕಣ ಪರೀಕ್ಷೆ ಮಾಡಿಸಿ, ಒತ್ತಡ ಪರೀಕ್ಷೆಯನ್ನೂ ಮಾಡಿಸಿ. ಬಿರುಕು ಹೆಚ್ಚಾಗಿ ಎರಡು ವಾಲ್ವ್ ಸೀಟುಗಳ ನಡುವೆ ಇರುತ್ತದೆ. 1970ರ ದಶಕದ ನಡುವಿನ, 882 ಎಂದು ಕೊನೆಗೊಳ್ಳುವ ಎರಕದ ಹೆಡ್‌ಗಳು ಇದಕ್ಕೆ ಕುಪ್ರಸಿದ್ಧ. ಪುಕ್ಕಟೆ ಸಿಕ್ಕರೂ ನಾನು ತರುವುದಿಲ್ಲ.

ಸೀಸದ ವಿಷಯ ಬಂದಾಗ ನಾನು ಸ್ವಲ್ಪ ಹೆಚ್ಚು ಮಾತನಾಡುತ್ತೇನೆ, ಏಕೆಂದರೆ ಇದು ನನ್ನ ಪಾಠ. ಹಿಂದಿನ ಪೆಟ್ರೋಲಿನಲ್ಲಿ ಟೆಟ್ರಾಎಥಿಲ್ ಲೆಡ್ ಇರುತ್ತಿತ್ತು. ಅದು ಆಕ್ಟೇನ್ ಏರಿಸುತ್ತಿತ್ತು. ಉರಿದ ಮೇಲೆ ಉಳಿದ ಸೀಸದ ಸಂಯುಕ್ತಗಳು ಎಕ್ಸಾಸ್ಟ್ ಸೀಟಿನ ಮೇಲೆ ತೆಳುವಾದ ಪೊರೆಯಾಗಿ ಕುಳಿತು, ಕೆಂಪಗೆ ಕಾದ ವಾಲ್ವ್ ಸೀಟಿಗೆ ಕಣ ಕಣವಾಗಿ ಬೆಸೆಯುವುದನ್ನು ತಡೆಯುತ್ತಿದ್ದವು. ಅದೇ ಸೀಸ ಮಕ್ಕಳ ಮೆದುಳಿಗೆ ವಿಷ. ಅಮೆರಿಕದಲ್ಲಿ 1975ರ ಮಾದರಿಗಳಿಂದ ಕ್ಯಾಟಲಿಟಿಕ್ ಕನ್ವರ್ಟರ್ ವ್ಯಾಪಕವಾಗಿ ಬಂದು ಸೀಸ ಹಿಂದೆ ಸರಿಯಿತು. 1996ರ ಜನವರಿ 1ರಿಂದ ರಸ್ತೆಯ ವಾಹನಗಳಿಗೆ ಅದು ಪೂರ್ತಿ ನಿಷೇಧ. ಹೋದದ್ದು ಒಳ್ಳೆಯದೇ ಆಯಿತು. ಆದರೆ ಸೀಸದ ಕಾಲದ ಹೆಡ್‌ನ ಮೆದು ಸೀಟು ಈಗ ರಕ್ಷಣೆಯಿಲ್ಲದೆ ನಿಂತಿದೆ. ಭಾರ ಎಳೆಯುತ್ತ, ಹೆದ್ದಾರಿಯಲ್ಲಿ ದೀರ್ಘಕಾಲ ಓಡಿಸಿದರೆ ವಾಲ್ವ್ ಸೀಟನ್ನು ತಿನ್ನುತ್ತ ಒಳಗಿಳಿಯುತ್ತದೆ. ಭಾನುವಾರಕ್ಕೊಮ್ಮೆ ತೆಗೆಯುವ ಕಾರಿನಲ್ಲಿ ಇದು ಬಹಳ ನಿಧಾನ. ಹಾಗಿದ್ದರೂ ಹೆಡ್ ಹೇಗೂ ಮಷೀನ್ ಶಾಪಿನಲ್ಲಿ ಬಿಚ್ಚಿಕೊಂಡು ಬಿದ್ದಿರುವಾಗ ಎಕ್ಸಾಸ್ಟ್‌ಗಾದರೂ ಗಟ್ಟಿ ಸೀಟು ಕೂರಿಸಿಬಿಡಿ. ಕೊರೆಯುವಾಗ ಒಳಗಿನ ನೀರಿನ ದಾರಿ ತೂತಾಗುವ ಅಪಾಯ ಇರುವುದರಿಂದ ಅನುಭವಿಗಳ ಕೈಗೇ ಕೊಡಿ.

ಸೀಟು, ಗೈಡ್ (ವಾಲ್ವ್ ಜಾರುವ ಕೊಳವೆ), ವಾಲ್ವ್, ಸ್ಪ್ರಿಂಗ್, ಒತ್ತಿ ಕೂರಿಸಿದ ಸ್ಟಡ್‌ಗಳ ಬದಲು ತಿರುಪಿನ ಸ್ಟಡ್, ತಳ ಉಜ್ಜುವುದು ಎಲ್ಲವನ್ನೂ ಕೂಡಿಸಿದರೆ ಖರ್ಚು ಬಹಳ ಸಲ ಹೊಸ ಅಲ್ಯೂಮಿನಿಯಂ ಹೆಡ್‌ನ ಬೆಲೆಯ ಹತ್ತಿರ ಬಂದು ನಿಲ್ಲುತ್ತದೆ. ಮೂಲ ರೂಪ ಉಳಿಸುವುದೇ ಗುರಿಯಾದರೆ ಆ ಖರ್ಚು ಸಾರ್ಥಕ. ಓಡಿಸುವ ಸುಖ ಗುರಿಯಾದರೆ ಹೊಸದನ್ನೇ ಕೊಳ್ಳಿ. ತೂಕ ಅರ್ಧದಷ್ಟು, ಚಳಿಗಾಲದ ಗ್ಯಾರೇಜಿನಲ್ಲಿ ಒಬ್ಬರೇ ಎತ್ತಿ ಕೂರಿಸುವಾಗ ಬೆನ್ನಿಗೆ ಅದರ ಬೆಲೆ ತಿಳಿಯುತ್ತದೆ.

ನಡುವಿನ ದಾರಿ ಒಂದಿದೆ: 1996ರಿಂದ 2000ದವರೆಗಿನ ಶೆವರ್ಲೆ ಟ್ರಕ್‌ಗಳ 5.7 ಲೀಟರ್ ಎಂಜಿನ್ನಿನ ವೊರ್ಟೆಕ್ ಹೆಡ್. ಬೀಡು ಕಬ್ಬಿಣ, 64 ಸಿಸಿ ಚೇಂಬರ್, ಸುಮಾರು 170 ಸಿಸಿ ಪೋರ್ಟ್. ಕಾರ್ಖಾನೆಯ ಹೆಡ್‌ಗಳಲ್ಲಿ ಇಷ್ಟು ಚೆನ್ನಾಗಿ ಉಸಿರಾಡುವವು ಕಡಿಮೆ. ಷರತ್ತುಗಳನ್ನು ಮೊದಲೇ ತಿಳಿಯಿರಿ. ಇಂಟೇಕ್ ಮ್ಯಾನಿಫೋಲ್ಡ್‌ನ ಬೋಲ್ಟ್‌ಗಳ ಜಾಗವೇ ಬೇರೆ, ಆದ್ದರಿಂದ ಹಳೆಯದು ಕೂರುವುದಿಲ್ಲ. ಕವರಿನ ಬೋಲ್ಟ್‌ಗಳು ನಡುವಿನಲ್ಲಿ ಬರುತ್ತವೆ, 1970ರ ಕವರ್ ಸೇರುವುದಿಲ್ಲ. ಕಾರ್ಖಾನೆಯ ಸ್ಪ್ರಿಂಗ್‌ಗಳು ಸುಮಾರು 0.460 ಇಂಚು ಲಿಫ್ಟ್‌ಗಿಂತ ಮೇಲೆ ಸುರಕ್ಷಿತವಲ್ಲ. ಅದರ ರಾಕರ್‌ಗಳಿಗೆ (ವಾಲ್ವ್ ಒತ್ತುವ ತೋಳುಗಳಿಗೆ) ವಾಲ್ವ್ ತುದಿಯನ್ನು ಹಿಡಿದು ನೇರ ನಿಲ್ಲುವ ಅಂಚುಗಳಿವೆ. ಅವನ್ನು ಪುಶ್‌ರಾಡ್ ಹಿಡಿದು ನಿಲ್ಲಿಸುವ ಗೈಡ್ ಪ್ಲೇಟ್ ಜೊತೆ ಸೇರಿಸಬಾರದು.

ಕೊಳ್ಳುವ ಮುನ್ನ ಹೆಡ್‌ನ ತುದಿಯನ್ನೂ ನೋಡಿ. 1969ಕ್ಕಿಂತ ಹಿಂದಿನ ಹೆಡ್‌ಗಳಲ್ಲಿ, ಬಹಳ ಜನ ಹುಡುಕುವ ಒಂಟೆ ಡುಬ್ಬದ ಗುರುತಿನ 461, 462 ಎರಕಗಳನ್ನೂ ಸೇರಿಸಿ, ಆಲ್ಟರ್ನೇಟರ್ ಮತ್ತು ಪವರ್ ಸ್ಟಿಯರಿಂಗ್‌ನ ಬ್ರಾಕೆಟ್ ಹಿಡಿಯುವ ಬೋಲ್ಟ್ ತೂತುಗಳು ಸಾಮಾನ್ಯವಾಗಿ ಇರುವುದಿಲ್ಲ. ಪ್ಲಗ್ ನೇರವೋ ಓರೆಯೋ ಎಂಬುದನ್ನೂ ನಿಮ್ಮ ಹೆಡರ್‌ನೊಡನೆ ಹೋಲಿಸಿ. ಬ್ಲಾಕ್ 400 ಘನ ಇಂಚಿನದಾದರೆ, ಅಂಟಿಕೊಂಡಿರುವ ಸಿಲಿಂಡರುಗಳ ನಡುವಿನ ಉಗಿ ಹೊರಹೋಗಲು ಹೆಡ್‌ನಲ್ಲಿಯೂ ತೂತು ಕೊರೆಯಬೇಕು. ಮರೆತರೆ ಎಂಜಿನ್ ಕುದಿಯುತ್ತದೆ.

ಬೇರೆ ಮನೆತನಗಳು

ಪಾಂಟಿಯಾಕ್‌ನಲ್ಲಿ ಪಿಸ್ಟನ್‌ಗಳು ಬಹುಪಾಲು ಸಪಾಟು, ಅನುಪಾತವನ್ನು ನಿರ್ಧರಿಸುವುದು ಹೆಡ್ಡೇ. 400 ಘನ ಇಂಚಿನ ಎಂಜಿನ್ನಿನ 72 ಸಿಸಿ ಹೆಡ್ಡನ್ನು 455ರ ಮೇಲೆ ಕೂರಿಸಿದರೆ ಅನುಪಾತ 11ನ್ನೂ ದಾಟುತ್ತದೆ, ಬಂಕಿನ ಪೆಟ್ರೋಲಿಗೆ ಅದು ಒಗ್ಗದು. ಫೋರ್ಡ್ 351 ಕ್ಲೀವ್‌ಲ್ಯಾಂಡ್‌ನ 4ವಿ (ನಾಲ್ಕು ಬಾಯಿಯ ಕಾರ್ಬ್ಯುರೇಟರಿನ ಎಂಜಿನ್ನಿನ) ಹೆಡ್ ನೋಡಲು ಭವ್ಯ, 2.19 ಇಂಚಿನ ಇಂಟೇಕ್ ವಾಲ್ವ್. ಆದರೆ ಊರೊಳಗೆ ಓಡಿಸಲು 2.04 ವಾಲ್ವ್‌ನ 2ವಿ (ಎರಡು ಬಾಯಿಯದರ) ಹೆಡ್ ಹೆಚ್ಚು ಹಿತ. ಕ್ರೈಸ್ಲರ್ 318ರ ಮೇಲೆ 340ರ ಹೆಡ್ ಹಾಕುವವರು ದೊಡ್ಡ ಚೇಂಬರಿನಿಂದ ಅನುಪಾತ ಇಳಿಯುವುದನ್ನು ಮೊದಲೇ ಲೆಕ್ಕ ಹಾಕಲಿ. ಬಿಗ್ ಬ್ಲಾಕ್ ಶೆವಿಯಲ್ಲಿ ತೆರೆದ ಚೇಂಬರಿಗೆಂದು ಮಾಡಿದ ಗುಮ್ಮಟದ ಪಿಸ್ಟನ್ ಮುಚ್ಚಿದ ಚೇಂಬರಿನ ಹೆಡ್‌ಗೆ ನೇರವಾಗಿ ಬಡಿಯುತ್ತದೆ. ರಸ್ತೆಗೆ ಆಯತದ ಪೋರ್ಟಿಗಿಂತ ಅಂಡಾಕಾರದ ಪೋರ್ಟೇ ಸರಿ.

ಬೋಲ್ಟ್ ಬಿಗಿಯುವ ಮುನ್ನ

ಹೊಸ ಹೆಡ್ ಪೆಟ್ಟಿಗೆಯಿಂದ ಬಂದದ್ದನ್ನು ಹಾಗೆಯೇ ಕೂರಿಸಬೇಡಿ. ಒಂದು ವಾಲ್ವ್ ಬಿಚ್ಚಿ ಸೀಟನ್ನೂ ಗೈಡನ್ನೂ ನೋಡಿ, ಒಳಗೆ ಲೋಹದ ಚೂರು ಇದ್ದರೆ ಎಲ್ಲವನ್ನೂ ಬಿಚ್ಚಿ ತೊಳೆಯಿರಿ. ಸ್ಪ್ರಿಂಗ್ ನಿಮ್ಮ ಕ್ಯಾಮ್‌ಗೆ ಹೊಂದುತ್ತದೆಯೇ ಎಂದು ಕ್ಯಾಮ್ ಮಾಡಿದವರ ಪತ್ರದೊಡನೆ ಹೋಲಿಸಿ. ಹಳೆಯ ಬಗೆಯ ಸಪಾಟು ಟ್ಯಾಪೆಟ್‌ಗೆ (ಕ್ಯಾಮ್ ಮೇಲೆ ಜಾರುವ ತುಂಡಿಗೆ) ರೋಲರ್ ಕ್ಯಾಮ್‌ನ ಬಿರುಸಾದ ಸ್ಪ್ರಿಂಗ್ ಹಾಕಿದರೆ ಕ್ಯಾಮ್‌ನ ಉಬ್ಬುಗಳು ಮೊದಲ ಗಂಟೆಯಲ್ಲೇ ಸವೆದುಹೋಗಬಹುದು. ಪೂರ್ಣ ಲಿಫ್ಟ್‌ನಲ್ಲಿ ಸ್ಪ್ರಿಂಗ್ ಹಿಡಿಯುವ ರಿಟೇನರಿಗೂ ಗೈಡ್ ಸೀಲಿಗೂ ನಡುವೆ ಕನಿಷ್ಠ 0.050 ಇಂಚು ಇರಲಿ.

ಪಿಸ್ಟನ್ ಮೇಲೆ ಮಕ್ಕಳು ಆಡುವ ಜೇಡಿಮಣ್ಣಿನ ತೆಳು ಪಟ್ಟಿ ಇಟ್ಟು, ಹಳೆಯ ಗ್ಯಾಸ್ಕೆಟ್ಟಿನೊಡನೆ ಹೆಡ್ ಕೂರಿಸಿ, ಕ್ರ್ಯಾಂಕನ್ನು ಕೈಯಿಂದ ಎರಡು ಸುತ್ತು ತಿರುಗಿಸಿ. ಎಲ್ಲಿಯಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಿ. ಹೆಡ್ ತೆಗೆದು ಮಣ್ಣನ್ನು ಬ್ಲೇಡಿನಿಂದ ಸೀಳಿ ಅತಿ ತೆಳುವಾದ ಜಾಗ ಅಳೆಯಿರಿ. ಇಂಟೇಕ್‌ಗೆ 0.080, ಎಕ್ಸಾಸ್ಟ್‌ಗೆ 0.100 ಇಂಚಿಗಿಂತ ಕಡಿಮೆ ಇದ್ದರೆ ಮುಂದುವರಿಯಬೇಡಿ. ಆಮೇಲೆ ಟ್ಯಾಪೆಟ್‌ನಿಂದ ರಾಕರನ್ನು ತಳ್ಳುವ ಪುಶ್‌ರಾಡ್‌ನ ಉದ್ದ. ಹೆಡ್ ಬದಲಾದರೆ, ಡೆಕ್ ಉಜ್ಜಿಸಿದರೆ ಹಳೆಯ ಉದ್ದ ನಡೆಯುತ್ತದೆಂಬ ಭರವಸೆ ಇಲ್ಲ. ವಾಲ್ವ್ ತುದಿಗೆ ಮಾರ್ಕರ್ ಬಳಿದು ತಿರುಗಿಸಿ. ರಾಕರ್ ಉಜ್ಜಿದ ಗೆರೆ ಕಿರಿದಾಗಿದ್ದು ನಡುವಿನಲ್ಲಿ ಬೀಳಬೇಕು.

ಸ್ಮಾಲ್ ಬ್ಲಾಕ್ ಶೆವಿಯ ಹೆಡ್ ಬೋಲ್ಟ್‌ಗಳ ತೂತುಗಳು ನೀರಿನ ದಾರಿಗೆ ತೆರೆದುಕೊಳ್ಳುತ್ತವೆ. ಪ್ರತಿಯೊಂದರ ತಿರುಪಿಗೂ ಸೀಲರ್ ಹಚ್ಚಿ. ಅಲ್ಯೂಮಿನಿಯಂ ಆದರೆ ಬೋಲ್ಟ್ ತಲೆಯ ಕೆಳಗೆ ಗಟ್ಟಿ ವಾಷರ್ ಇರಲೇಬೇಕು, ಇಲ್ಲದಿದ್ದರೆ ತಲೆ ಲೋಹದೊಳಗೆ ಕಚ್ಚಿಕೊಳ್ಳುತ್ತದೆ. ಸ್ಪಾರ್ಕ್ ಪ್ಲಗ್ ಕೂಡ ಹಳೆಯದು ಹೊಂದದಿರಬಹುದು. ಹೆಡ್ ತಯಾರಕರು ಹೇಳಿದ ಉದ್ದ, ಹೇಳಿದ ಸೀಟಿನ ಬಗೆಯೇ ಆಗಬೇಕು. ನಡುವಿನಿಂದ ಹೊರಕ್ಕೆ ಸುತ್ತುತ್ತ, ಮೂರು ಹಂತಗಳಲ್ಲಿ, 65 ಅಡಿ-ಪೌಂಡಿಗೆ ಬಿಗಿಯಿರಿ. ಮೂರನೆಯ ಸುತ್ತಿನಲ್ಲಿ ನಾನು ಬಿಗಿದ ಪ್ರತಿ ಬೋಲ್ಟಿನ ತಲೆಗೂ ಸೀಮೆಸುಣ್ಣದ ಗೆರೆ ಎಳೆಯುತ್ತೇನೆ, ಹದಿನೇಳು ಒಂದು ಬದಿಗೆ, ಹದಿನೇಳು ಇನ್ನೊಂದು ಬದಿಗೆ. ಮೂವತ್ತನಾಲ್ಕು ಗೆರೆಗಳನ್ನು ಎಣಿಸಿದ ಮೇಲೆಯೇ ರಾಕರ್‌ಗಳನ್ನು ಕೈಗೆ ತೆಗೆದುಕೊಳ್ಳುವುದು.